ಒಬ್ಬರು ಬಂದರು, ಒಬ್ಬರು ಬರಲಿಲ್ಲ

ಯುದ್ಧದ ಸಿನಿಮಾ ಅಂದರೆ ಗಂಡಸರ ಸಿನಿಮಾ ಎಂದೇ ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಬಂದೂಕು, ಬಾಂಬು, ಹೊಗೆ, ಕಿವಿ ಕಿವುಡಾಗುವಂಥ ಸದ್ದು... ಅದರಲ್ಲಿ ನಮಗೇನಿದೆ? ಆದರೂ ಒಂದು ಬಗೆಯ ಯುದ್ಧಚಿತ್ರವನ್ನು ಹೆಂಗಸರೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕೊನೆಯವರೆಗೆ ನೋಡುತ್ತಾರೆ. ಶತ್ರುಗಳ ಕೈಗೆ ಸಿಕ್ಕವರನ್ನು ಬಿಡಿಸಿ ತರುವ ಚಿತ್ರ ಅದು. ಏಕೆಂದರೆ ಅಂಥ ಚಿತ್ರದಲ್ಲಿ ಎಲ್ಲೋ ಒಂದು ಮನೆ ಇರುತ್ತದೆ, ಬಾಗಿಲಲ್ಲಿ ಕಾಯುವ ಹೆಂಗಸೊಬ್ಬಳು ಇರುತ್ತಾಳೆ.

2004ರಲ್ಲಿ 'ದೀವಾರ್' ಎಂಬ ಹಿಂದಿ ಚಿತ್ರ ಬಂದಿತ್ತು. (ಶಶಿಕಪೂರ್ ಇದ್ದ ಹಳೆಯ 'ದೀವಾರ್' ಅಲ್ಲ, ಹೆಸರು ಮಾತ್ರ ಒಂದೇ.) 1971ರ ಯುದ್ಧದಲ್ಲಿ ಸೆರೆಸಿಕ್ಕು ಮೂವತ್ತು ವರ್ಷದ ಮೇಲೂ ಪಾಕಿಸ್ತಾನದ ಜೈಲಿನಲ್ಲೇ ಕೊಳೆಯುತ್ತಿರುವ ಮೇಜರ್ ಆಗಿ ಅಮಿತಾಭ್ ಬಚ್ಚನ್, ಗಡಿ ದಾಟಿ ಹೋಗಿ ಅಪ್ಪನನ್ನು ಬಿಡಿಸಿಕೊಂಡು ಬರುವ ಮಗನಾಗಿ ಅಕ್ಷಯ್ ಖನ್ನಾ. ನೋಡುವಾಗ ಎಷ್ಟು ಸಮಾಧಾನ! ಮಗ ಹೋದ, ಅಪ್ಪನನ್ನು ಕರೆತಂದ. ಆದರೆ ನಿಜವಾಗಿ ಯುದ್ಧಕೈದಿಗಳು ಮನೆಗೆ ಬರುವುದು ಹೀಗೇನಾ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು 2025ರ ಜನವರಿಯಲ್ಲಿ ಬಿಡುಗಡೆಯಾದ 'ಸ್ಕೈ ಫೋರ್ಸ್' ನೋಡಿದ ಮೇಲೆ. ನಮ್ಮ ಜಯನಗರದ ಕಡೆ ಇದ್ದ ನಂದಾ, ಶಾಂತಿ, ಪುಟ್ಟಣ್ಣ ಚಿತ್ರಮಂದಿರಗಳು ಈಗಿಲ್ಲ. ಸಿನಿಮಾ ಅಂದರೆ ಮಾಲ್‌ನ ಮಹಡಿ ಹತ್ತಬೇಕು, ಪಾಪ್‌ಕಾರ್ನ್ ಬೆಲೆ ಕೇಳಿ ಸುಮ್ಮನಾಗಬೇಕು. ಅದಿರಲಿ. ಕಥೆ ಇಷ್ಟು: 1965ರ ಯುದ್ಧದಲ್ಲಿ ಪಾಕಿಸ್ತಾನದ ವಿಮಾನ ನೆಲೆಯ ಮೇಲೆ ದಾಳಿಗೆ ಹೋದ ಒಬ್ಬ ಪೈಲಟ್ ಹಿಂದಿರುಗುವುದಿಲ್ಲ. ಸತ್ತನೋ, ಸೆರೆಯಾದನೋ ಯಾರಿಗೂ ಗೊತ್ತಿಲ್ಲ. ಅವನ ಮೇಲಧಿಕಾರಿ (ಅಕ್ಷಯ್ ಕುಮಾರ್) ವರ್ಷಗಟ್ಟಲೆ ಅವನ ಸುಳಿವು ಹುಡುಕುತ್ತಾನೆ. ಮನೆಯಲ್ಲಿ ಹೆಂಡತಿ ಕಾಯುತ್ತಾಳೆ.

ಚಿತ್ರದ ಬಗ್ಗೆ ನಮ್ಮ ಬೀದಿಯ ಹೆಂಗಸರ ಹತ್ತಿರ ಮಾತಾಡಿದಾಗ 'ಯಾರೋ ಪಂಜಾಬಿನ ಕಡೆಯವರ ಕಥೆ ಇರಬೇಕು' ಅಂದವರೇ ಹೆಚ್ಚು. ಅಲ್ಲ ರೀ! ಆ ಪೈಲಟ್ ನಮ್ಮ ಕೊಡಗಿನವರು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಚಿತ್ರದಲ್ಲಿ ಹೆಸರುಗಳನ್ನೆಲ್ಲ ಬದಲಾಯಿಸಿಬಿಟ್ಟಿದ್ದಾರೆ. ಇದು ನನಗೆ ಸರಿಬರಲಿಲ್ಲ. ಹೆಸರೇ ಸಿಗದೆ ಇಷ್ಟು ವರ್ಷ ಮರೆಯಾಗಿದ್ದ ಮನುಷ್ಯನಿಗೆ ಸಿನಿಮಾದವರಾದರೂ ಅವನ ಹೆಸರು ಕೊಡಬಹುದಿತ್ತು.

ಅವತ್ತು 1965ರ ಸೆಪ್ಟೆಂಬರ್ 7. ಪಂಜಾಬಿನ ಆದಂಪುರದಿಂದ ಬೆಳಕು ಹರಿಯುವ ಮುಂಚೆಯೇ ನಮ್ಮ ಮಿಸ್ಟೀರ್ ವಿಮಾನಗಳು ಸರ್ಗೋಧಾ ಮೇಲೆ ದಾಳಿಗೆ ಹೊರಟವು. ಹೋಗಬೇಕಾಗಿದ್ದದ್ದು ಹನ್ನೆರಡು ವಿಮಾನ. ದೇವಯ್ಯ ಆ ಹನ್ನೆರಡರಲ್ಲಿ ಇರಲೇ ಇಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಇರಲಿ ಅಂತ ಬದಲಿಗೆ ಇಟ್ಟಿದ್ದವರು. ಒಂದು ಕೈಕೊಟ್ಟಿತು, ಇವರು ಹೊರಟರು. ದಾಳಿ ಮುಗಿಸಿ ಬರುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಇವರ ಮೇಲೆ ಎರಗಿತು. ಅಮೆರಿಕ ಕೊಟ್ಟ ವಿಮಾನ ಅದು, ಶಬ್ದದ ಎರಡರಷ್ಟು ವೇಗದಲ್ಲಿ ಹಾರುವಂಥದ್ದು. ಅದರ ಮುಂದೆ ನಮ್ಮ ಮಿಸ್ಟೀರ್ ಅಂದರೆ ಕಾರಿನ ಮುಂದೆ ಸೈಕಲ್ ಇದ್ದ ಹಾಗೆ. ಆದರೂ ಏಟು ತಿಂದ ಮೇಲೂ ದೇವಯ್ಯ ತಿರುಗಿ ಬಿದ್ದು ಆ ವಿಮಾನವನ್ನು ಹೊಡೆದುರುಳಿಸಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಬದುಕಲಿಲ್ಲ. ಅವರಿಗೆ ಆಗ 32 ವರ್ಷ.

ಇದಿಷ್ಟೂ ಇವತ್ತು ನಮಗೆ ಗೊತ್ತಿದೆ. ಅವತ್ತು ಆದಂಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜೊತೆಗೆ ಹೋದವರು ಯಾರೂ ಆ ಕಾಳಗ ನೋಡಿರಲಿಲ್ಲ. ಎಣಿಸಿದಾಗ ಒಂದು ವಿಮಾನ ಕಡಿಮೆ. 'ಕಾಣೆಯಾಗಿದ್ದಾರೆ' ಎಂದು ಬರೆದುಕೊಂಡರು. ಮನೆಗೂ ಅದೇ ಸುದ್ದಿ ಹೋಯಿತು.

'ಕಾಣೆಯಾಗಿದ್ದಾರೆ' ಎಂಬ ಆ ಒಂದು ಮಾತು ಮನೆಯೊಳಗೆ ಬಂದರೆ ಏನಾಗುತ್ತದೆ ಯೋಚಿಸಿ. ಸತ್ತರು ಅಂದರೆ ಅಳಬಹುದು. ಹತ್ತು ಜನ ಬಂದು ಕೂರುತ್ತಾರೆ. ಹದಿಮೂರನೇ ದಿನ ಅಂತ ಒಂದು ದಿನವಾದರೂ ಇರುತ್ತದೆ. ಕಾಣೆಯಾದವರಿಗೆ ಯಾವ ದಿನ ತಿಥಿ ಮಾಡುವುದು? ಹಣೆಯ ಕುಂಕುಮ ಇಡುವುದೋ ಬಿಡುವುದೋ? ಅವರ ಬಟ್ಟೆಬರೆ ಯಾರಿಗಾದರೂ ಕೊಡುವುದೋ, ಪೆಟ್ಟಿಗೆಯಲ್ಲೇ ನುಸಿಗುಳಿಗೆ ಹಾಕಿಡುವುದೋ? ಅಪ್ಪ ಯಾವಾಗ ಬರ್ತಾರೆ ಅಂತ ಮಕ್ಕಳು ಕೇಳಿದರೆ ಏನು ಹೇಳುವುದು? ದೇವಯ್ಯನವರ ಪತ್ನಿ ಸುಂದರಿಯವರು ಇಂಥ ಅನಿಶ್ಚಯದಲ್ಲಿ ಬಾಳಿದ್ದು ಒಂದೆರಡು ವರ್ಷವಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಆ ವಾಯುಯುದ್ಧದ ಬಗ್ಗೆ ಬರೆದ ಪುಸ್ತಕ ಹೊರಬಂತು. ಸ್ಟಾರ್‌ಫೈಟರ್ ಉರುಳಿದ್ದು ಒಬ್ಬ ಮಿಸ್ಟೀರ್ ಪೈಲಟ್‌ನ ಕೈಯಲ್ಲಿ ಎಂದು ಪಾಕಿಸ್ತಾನದ ಕಡೆಯಿಂದಲೇ ಬಂದ ಮಾಹಿತಿ ಅದರಲ್ಲಿತ್ತು. ಅವತ್ತು ಹಿಂದಿರುಗದ ಮಿಸ್ಟೀರ್ ಇದ್ದದ್ದು ಒಂದೇ. ದಾಳಿಯ ಮುಂದಾಳಾಗಿದ್ದ ತನೇಜಾ ಎಂಬ ಅಧಿಕಾರಿ ಅದನ್ನು ಹಿಡಿದುಕೊಂಡು ಸರ್ಕಾರಕ್ಕೆ ಬರೆದರು. ದೇವಯ್ಯನವರ ದೇಹವನ್ನು ಪಾಕಿಸ್ತಾನದ ಹಳ್ಳಿಯ ಜನ ಮಣ್ಣು ಮಾಡಿದ್ದರು ಎಂದೂ ಆಮೇಲೆ ತಿಳಿಯಿತು. 1988ರಲ್ಲಿ, ಅಂದರೆ 23 ವರ್ಷದ ಮೇಲೆ, ಮಹಾವೀರ ಚಕ್ರ ಪ್ರಶಸ್ತಿ ಬಂತು. ಸುಂದರಿಯವರು ಅದನ್ನು ಸ್ವೀಕರಿಸಿದರು.

ಇನ್ನೊಂದು ವಿಚಿತ್ರ ಕೇಳಿ. ಅವತ್ತು ಪ್ಯಾರಾಚೂಟಿನಲ್ಲಿ ಇಳಿದ ಅಮ್ಜದ್ ಹುಸೇನ್, 1971ರ ಯುದ್ಧದಲ್ಲಿ ಅಮೃತಸರದ ಬಳಿ ವಿಮಾನ ಉರುಳಿ ನಮ್ಮವರ ಕೈಗೆ ಸಿಕ್ಕಿ ಯುದ್ಧಕೈದಿಯಾದರು. ಸೆರೆಯಿಂದ ಬಿಡುಗಡೆಯಾಗಿ ಮನೆಗೂ ಹೋದರು. ಅವರ ಹೆಸರು ಪಟ್ಟಿಯಲ್ಲಿತ್ತು.

ಈ 'ಪಟ್ಟಿ' ಎನ್ನುವುದು ಎಷ್ಟು ದೊಡ್ಡ ವಿಷಯ ಎಂದು ತಿಳಿಯಬೇಕಾದರೆ ಅದೇ ಕೊಡಗಿನ, ಅದೇ ಸೆಪ್ಟೆಂಬರ್ ತಿಂಗಳ ಇನ್ನೊಂದು ಕಥೆ ಕೇಳಬೇಕು.

ದೇವಯ್ಯನವರು ಕಾಣೆಯಾಗಿ ಹದಿನೈದು ದಿನ ಕಳೆದಿತ್ತು. ಸೆಪ್ಟೆಂಬರ್ 22. ಮಾರನೆಯ ಬೆಳಗಿನ ಜಾವವೇ ಕದನ ವಿರಾಮ. ಆವತ್ತು ಹಂಟರ್ ವಿಮಾನದಲ್ಲಿ ದಾಳಿಗೆ ಹೋದ 27 ವರ್ಷದ ನಂದಾ ಕಾರ್ಯಪ್ಪನವರ ವಿಮಾನಕ್ಕೆ ನೆಲದಿಂದ ಗುಂಡು ತಗುಲಿತು. ಹೊರಗೆ ಹಾರಿಕೊಂಡರು. ಬಿದ್ದ ಏಟಿಗೆ ಬೆನ್ನುಮೂಳೆಗೆ ಪೆಟ್ಟಾಗಿ ಏಳಲಾಗದೆ ಸೆರೆಸಿಕ್ಕರು. ಹೆಸರು ಕೇಳಿದ ಪಾಕಿಸ್ತಾನದವರು ಬೆರಗಾದರು. ಏಕೆಂದರೆ ಇವರ ತಂದೆ ಜನರಲ್ ಕೆ.ಎಂ. ಕಾರ್ಯಪ್ಪ, 1949ರ ಜನವರಿ 15ರಂದು ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ಮಹಾದಂಡನಾಯಕರಾದವರು. ಆಗ ನಿವೃತ್ತರಾಗಿ ಮಡಿಕೇರಿಯ ತಮ್ಮ 'ರೋಷನಾರ' ಮನೆಯಲ್ಲಿದ್ದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮುಂಚೆ ಇದೇ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು!

ಪಾಕಿಸ್ತಾನ ರೇಡಿಯೋ ನಂದಾ ಕಾರ್ಯಪ್ಪ ತಮ್ಮಲ್ಲಿದ್ದಾರೆಂದು ಹೇಳಿತು. ದೆಹಲಿಯಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಮೂಲಕ ಅಯೂಬ್ ಖಾನರಿಂದ ಮಾತು ಬಂತು: ಬೇಕಾದರೆ ಮಗನನ್ನು ಬಿಟ್ಟುಬಿಡುತ್ತೇವೆ. ಕಾರ್ಯಪ್ಪನವರು ಏನು ಹೇಳಿದರು ಎಂಬುದು ಕೊಡಗಿನಲ್ಲಿ ಮನೆಮಾತು. ಅವನೀಗ ನನ್ನೊಬ್ಬನ ಮಗನಲ್ಲ, ಈ ದೇಶದ ಮಗ. ಸೆರೆಯಲ್ಲಿರುವವರೆಲ್ಲರೂ ನನ್ನ ಮಕ್ಕಳೇ. ಬಿಡುವುದಾದರೆ ಎಲ್ಲರನ್ನೂ ಬಿಡಿ, ಇಲ್ಲವಾದರೆ ಯಾರನ್ನೂ ಬೇಡ. ಅವನಿಗೆ ಅಂತ ವಿಶೇಷ ಉಪಚಾರವೂ ಬೇಡ. ಇದು ಅವರ ಉತ್ತರದ ಸಾರ.

ಇದನ್ನು ಓದಿದಾಗೆಲ್ಲ ನನ್ನ ಮನಸ್ಸು ಎರಡು ಭಾಗವಾಗುತ್ತದೆ. ಎಂಥ ದೊಡ್ಡ ಮನುಷ್ಯ ಅನ್ನಿಸುತ್ತದೆ. ಜೊತೆಗೇ ತಾಯಿ ಇದ್ದಿದ್ದರೆ ಏನನ್ನುತ್ತಿದ್ದಳೋ ಅಂತಲೂ ಅನ್ನಿಸುತ್ತದೆ. ನಂದಾ ಅವರ ತಾಯಿ ಆಗ ಬದುಕಿರಲಿಲ್ಲ. ನನ್ನ ಮಗನೇ ಬೆನ್ನು ಮುರಿದುಕೊಂಡು ವೈರಿಯ ಆಸ್ಪತ್ರೆಯಲ್ಲಿ ಮಲಗಿದ್ದರೆ, ಬಿಡುತ್ತೇವೆ ಅಂತ ಅವರೇ ಹೇಳಿ ಕಳಿಸಿದರೆ, ಬೇಡ ಎನ್ನುವ ನಾಲಿಗೆ ನನಗೆ ಬರುತ್ತಿರಲಿಲ್ಲ. ನಿಮಗೆ ಬರುತ್ತಿತ್ತೇ? ಆದರೆ ಹೀಗೂ ಯೋಚಿಸಿ. ದೊಡ್ಡವರ ಮಗ ಮೊದಲು ಮನೆಗೆ ಬಂದುಬಿಟ್ಟಿದ್ದರೆ ಅದೇ ಸೆರೆಮನೆಯಲ್ಲಿದ್ದ ಸಿಪಾಯಿಗಳ ತಾಯಂದಿರಿಗೆ ಹೇಗಾಗುತ್ತಿತ್ತು? ರೇಷನ್ ಅಂಗಡಿಯ ಕ್ಯೂನಲ್ಲಿ ಒಬ್ಬರನ್ನು ಮುಂದೆ ಬಿಟ್ಟರೆ ನಮಗೆ ಎಷ್ಟು ಉರಿಯುತ್ತದೆ! ಇದು ಜೀವದ ಕ್ಯೂ.

ಅಯೂಬ್ ಖಾನರ ಪತ್ನಿ ಮತ್ತು ಹಿರಿಯ ಮಗ ರಾವಲ್ಪಿಂಡಿಯ ಆಸ್ಪತ್ರೆಗೆ ಹೋಗಿ ನಂದಾ ಅವರನ್ನು ನೋಡಿಕೊಂಡು ಬಂದರು. ಸಿಗರೇಟಿನ ಪೆಟ್ಟಿಗೆ, ಓದಲು ಒಂದು ವುಡ್‌ಹೌಸ್ ಕಾದಂಬರಿ ಕೊಟ್ಟರಂತೆ. ನಗೆ ಕಾದಂಬರಿ! ಯುದ್ಧ ಮಾಡುತ್ತಿದ್ದ ಎರಡು ದೇಶಗಳ ನಡುವೆ ಒಬ್ಬ ಹೆಂಗಸು ರೋಗಿಯನ್ನು ನೋಡಲು ಕೈಯಲ್ಲಿ ಏನಾದರೂ ಹಿಡಿದುಕೊಂಡೇ ಹೋದಳು, ನಾವು ಬ್ರೆಡ್ಡು ಮೂಸಂಬಿ ಹಿಡಿದುಕೊಂಡು ಹೋಗುವುದಿಲ್ಲವೇ, ಹಾಗೆ.

ತಾಷ್ಕೆಂಟ್ ಒಪ್ಪಂದವಾಗಿ, 1966ರ ಜನವರಿಯಲ್ಲಿ ನಂದಾ ಕಾರ್ಯಪ್ಪ ಉಳಿದವರೊಡನೆ ಹಿಂದಿರುಗಿದರು. ಮತ್ತೆ ವಿಮಾನ ಹಾರಿಸಿದರು, ಏರ್ ಮಾರ್ಷಲ್ ಆಗಿ ನಿವೃತ್ತರಾದರು, ತಂದೆಯ ಜೀವನಚರಿತ್ರೆ ಬರೆದರು.

ಆ ನಾಲ್ಕು ತಿಂಗಳು ತಂದೆ ಗಟ್ಟಿಯಾಗಿ ನಿಲ್ಲಲು ಆದದ್ದಕ್ಕೆ ಒಂದು ಕಾರಣವಂತೂ ಉಂಟು: ಮಗ ಜೀವಂತ ಇದ್ದಾನೆಂದು ಅವರಿಗೆ ಗೊತ್ತಿತ್ತು. ದೇವಯ್ಯನವರ ಮನೆಯವರಿಗೆ ಅಷ್ಟೂ ಸಿಗಲಿಲ್ಲ.

ಹಾಗಾದರೆ ಈ ಸುದ್ದಿ ಮನೆಗೆ ತಲುಪುವುದು ಹೇಗೆ? 1949ರಲ್ಲಿ ಜಿನೀವಾ ಪಟ್ಟಣದಲ್ಲಿ ಎಲ್ಲ ದೇಶದವರೂ ಕೂತು ಯುದ್ಧಕೈದಿಗಳಿಗೆ ಅಂತಲೇ ಒಂದು ಕಾನೂನು ಮಾಡಿಕೊಂಡಿದ್ದಾರೆ. ಭಾರತವೂ ಪಾಕಿಸ್ತಾನವೂ ಅದಕ್ಕೆ ಒಪ್ಪಿವೆ. ಸೆರೆಸಿಕ್ಕವನು ಹೇಳಬೇಕಾದ್ದು ನಾಲ್ಕೇ ವಿಷಯ: ಹೆಸರು, ಹುದ್ದೆ, ಹುಟ್ಟಿದ ದಿನ, ಸೈನ್ಯದ ನಂಬರು. ಹೆಚ್ಚಿಗೆ ಬಾಯಿಬಿಡಿಸಲು ಹಿಂಸೆ ಕೊಡುವ ಹಾಗಿಲ್ಲ. ಶಿಬಿರಕ್ಕೆ ಬಂದ ಒಂದು ವಾರದೊಳಗೆ, ತಾನು ಸೆರೆಯಲ್ಲಿದ್ದೇನೆ, ಆರೋಗ್ಯ ಹೀಗಿದೆ ಎಂದು ಮನೆಗೆ ಒಂದು ಕಾರ್ಡು ಬರೆಯಲು ಬಿಡಬೇಕು. ಆಮೇಲೆ ತಿಂಗಳಿಗೆ ಕನಿಷ್ಠ ಎರಡು ಕಾಗದ, ನಾಲ್ಕು ಕಾರ್ಡು. ಮನೆಯವರು ತಿಂಡಿ, ಬಟ್ಟೆ, ಪುಸ್ತಕದ ಪಾರ್ಸೆಲ್ ಕಳಿಸಬಹುದು. ರೆಡ್‌ಕ್ರಾಸ್‌ನವರು ಶಿಬಿರಕ್ಕೆ ಹೋಗಿ ಕೈದಿಗಳೊಡನೆ ಖುದ್ದಾಗಿ ಮಾತಾಡಬಹುದು. ಯುದ್ಧ ನಿಂತ ಮೇಲೆ ತಡಮಾಡದೆ ಎಲ್ಲರನ್ನೂ ಮನೆಗೆ ಕಳಿಸಬೇಕು. ಇಷ್ಟಕ್ಕೂ ಬುಡ ಯಾವುದು ಅಂದರೆ ಆ ಮೊದಲ ಕಾರ್ಡು, ಪಟ್ಟಿಯಲ್ಲಿ ಹತ್ತಿದ ಹೆಸರು. ಒಮ್ಮೆ ಹೆಸರು ಬರೆದಾಯಿತೋ, ಆ ಮನುಷ್ಯನನ್ನು ಇಲ್ಲ ಅನ್ನಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಇಂಥ ಕಾಗದಗಳು ನಮ್ಮ ಬೆಂಗಳೂರಿನಿಂದಲೂ ಹೋಗಿವೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಆಫ್ರಿಕಾದಲ್ಲಿ ಸೆರೆಹಿಡಿದ ಇಟಲಿಯ ಸಾವಿರಾರು ಸಿಪಾಯಿಗಳನ್ನು ತಂದು ಬೆಂಗಳೂರಿನ ಶಿಬಿರಗಳಲ್ಲಿಟ್ಟಿದ್ದರು. ಜಾಲಹಳ್ಳಿಯ ಕಡೆ ಅವರ ಕೈಯಲ್ಲಿ ಕಟ್ಟಡಗಳನ್ನೂ ಕಟ್ಟಿಸಿದರು. ಇಟಲಿಯ ಯಾವುದೋ ಹಳ್ಳಿಯಲ್ಲಿ ಒಬ್ಬ ತಾಯಿ ಬೆಂಗಳೂರು ಎಂಬ ಮುದ್ರೆಯಿದ್ದ ಲಕೋಟೆಗೆ ಕಾದು ಕೂತಿದ್ದಳು ಅಂದರೆ ನಂಬಬೇಕು.

ಇನ್ನು ತಾವೇ ತಪ್ಪಿಸಿಕೊಂಡು ಬರುವವರ ಮಾತು. ಸಿನಿಮಾದವರಿಗೆ ಇದು ಬಲು ಪ್ರಿಯ. 1971ರ ಯುದ್ಧದಲ್ಲಿ ಸೆರೆಸಿಕ್ಕ ನಮ್ಮ ಪೈಲಟ್‌ಗಳನ್ನು ರಾವಲ್ಪಿಂಡಿಯ ಶಿಬಿರದಲ್ಲಿಟ್ಟಿದ್ದರು. ಅವರಲ್ಲಿ ದಿಲೀಪ್ ಪರೂಲ್ಕರ್, ಎಂ.ಎಸ್. ಗ್ರೆವಾಲ್, ಹರೀಶ್ ಸಿನ್ಹಜಿ ಎಂಬ ಮೂವರು ಕೋಣೆಯ ಇಟ್ಟಿಗೆ ಗೋಡೆಯನ್ನು ಸ್ವಲ್ಪ ಸ್ವಲ್ಪವೇ ಕೊರೆದು, 1972ರ ಆಗಸ್ಟ್ 13ರ ಮಳೆಗಾಳಿಯ ರಾತ್ರಿ ಹೊರಬಿದ್ದರು. ಪೆಶಾವರಕ್ಕೆ ಬಸ್ಸು ಹಿಡಿದರು. ಆಫ್ಘಾನಿಸ್ತಾನದ ಗಡಿ ಇನ್ನೇನು ನಾಲ್ಕು ಮೈಲಿ! ಲಂಡಿ ಕೋಟಲ್ ಎಂಬ ಊರಿನಲ್ಲಿ 'ಲಂಡಿ ಖಾನಾ ರೈಲು ನಿಲ್ದಾಣಕ್ಕೆ ದಾರಿ ಯಾವುದು' ಅಂತ ಕೇಳಿದ್ದೇ ಮುಳುವಾಯಿತು. ಅವರ ಹಳೆಯ ನಕ್ಷೆಯಲ್ಲಿದ್ದ ಆ ನಿಲ್ದಾಣ 1932ರಲ್ಲೇ ಮುಚ್ಚಿಹೋಗಿತ್ತು. ಇಲ್ಲದ ನಿಲ್ದಾಣಕ್ಕೆ ದಾರಿ ಕೇಳುವವರು ಯಾರಪ್ಪಾ ಅಂತ ಅಲ್ಲಿಯವರಿಗೆ ಅನುಮಾನ ಬಂದು ಹಿಡಿದರು. ಕೊನೆಗೆ ಅವರು ಮನೆಗೆ ಬಂದದ್ದು ಉಳಿದ ಕೈದಿಗಳ ಜೊತೆಯಲ್ಲೇ, ಅದೇ ವರ್ಷದ ಡಿಸೆಂಬರ್ 1ರಂದು, ವಾಘಾ ಗಡಿಯಲ್ಲಿ ನಡೆದುಕೊಂಡು. ಅಷ್ಟೆಲ್ಲ ಸಾಹಸ ಮಾಡಿದ ಶೂರರನ್ನೂ ಕಡೆಗೆ ಮನೆ ಮುಟ್ಟಿಸಿದ್ದು ಪಟ್ಟಿಯೇ.

ಪಟ್ಟಿಯಲ್ಲಿ ಹೆಸರು ಹತ್ತದವರ ಕಥೆ ಮಾತ್ರ ಇಂದಿಗೂ ಮುಗಿದಿಲ್ಲ. 1965 ಮತ್ತು 1971ರ ಯುದ್ಧಗಳಲ್ಲಿ ಕಾಣೆಯಾಗಿ ಪಾಕಿಸ್ತಾನದ ಸೆರೆಯಲ್ಲಿರಬಹುದೆಂದು ನಂಬಲಾದ 54 ಜನರ ಹೆಸರನ್ನು ಸರ್ಕಾರ ಪಟ್ಟಿ ಮಾಡಿದೆ. ಅವರಲ್ಲೊಬ್ಬರು ಪೈಲಟ್ ವಿಜಯ್ ವಸಂತ್ ತಾಂಬೆ. ಪತ್ನಿ ದಮಯಂತಿ ರಾಷ್ಟ್ರೀಯ ಬ್ಯಾಡ್ಮಿಂಟನ್ ಚಾಂಪಿಯನ್ ಆಗಿದ್ದವರು, ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. 1971ರ ಡಿಸೆಂಬರಿನಲ್ಲಿ ಸೆರೆಸಿಕ್ಕ ಭಾರತದ ಪೈಲಟ್‌ಗಳೆಂದು ಅಲ್ಲಿಯ ಪತ್ರಿಕೆಯೊಂದು ಹಾಕಿದ ಹೆಸರುಗಳಲ್ಲಿ 'ಟೊಂಬೆ' ಎಂಬುದೊಂದಿತ್ತು. ಒಂದು ಅಕ್ಷರ ಆಚೀಚೆ. ಆದರೆ ಬಿಡುಗಡೆಯಾಗಿ ವಾಘಾದಲ್ಲಿ ನಡೆದು ಬಂದವರಲ್ಲಿ ಅವರಿರಲಿಲ್ಲ. ಇಂಥ ಮನೆಗಳವರನ್ನು 1983ರಲ್ಲೊಮ್ಮೆ, 2007ರಲ್ಲಿ ಮತ್ತೊಮ್ಮೆ ಪಾಕಿಸ್ತಾನದ ಜೈಲುಗಳಿಗೆ ಕರೆದೊಯ್ದು ತೋರಿಸಿದರು. ಯಾರೂ ಸಿಗಲಿಲ್ಲ. ನಮ್ಮಲ್ಲಿ ಯಾರೂ ಇಲ್ಲ ಎನ್ನುವುದೇ ಪಾಕಿಸ್ತಾನದ ಉತ್ತರ. 'ದೀವಾರ್' ಚಿತ್ರದ ಮಗ ಒಡೆದು ನುಗ್ಗಿದ ಜೈಲಿನ ಬಾಗಿಲು ಇವರಿಗೆ ಅಧಿಕಾರಿಗಳೇ ತೆರೆದರು, ಒಳಗೆ ತಮ್ಮವರಿರಲಿಲ್ಲ. ಈ ದೃಶ್ಯವನ್ನು ಯಾವ ನಿರ್ದೇಶಕ ತೆಗೆಯುತ್ತಾನೆ ಹೇಳಿ?

ಕೊಡಗಿನ ಮಾತು ಬಂದ ಮೇಲೆ ಇನ್ನೊಬ್ಬರನ್ನು ನೆನೆಯದೆ ಬಿಡುವಂತಿಲ್ಲ. ಜನರಲ್ ಕೆ.ಎಸ್. ತಿಮ್ಮಯ್ಯ. ಕೊರಿಯಾ ಯುದ್ಧ 1953ರಲ್ಲಿ ನಿಂತಾಗ ಒಂದು ವಿಚಿತ್ರ ಸಮಸ್ಯೆ ಎದ್ದಿತು. ಸೆರೆಯಲ್ಲಿದ್ದ ಚೀನಾ ಮತ್ತು ಉತ್ತರ ಕೊರಿಯಾದ 22,000ಕ್ಕೂ ಹೆಚ್ಚು ಸಿಪಾಯಿಗಳು 'ನಾವು ಊರಿಗೆ ಹೋಗುವುದಿಲ್ಲ' ಅಂದರು. ಆಚೆ ಕಡೆಯೂ ಹೀಗೆ ಹೇಳುವ ಮುನ್ನೂರೈವತ್ತಕ್ಕೂ ಹೆಚ್ಚು ಜನ ಇದ್ದರು. ಇವರನ್ನು ವಿಚಾರಿಸಲು ಐದು ದೇಶಗಳ ಆಯೋಗವೊಂದನ್ನು ಮಾಡಿ ನಮ್ಮ ತಿಮ್ಮಯ್ಯನವರನ್ನು ಅಧ್ಯಕ್ಷರನ್ನಾಗಿ ಕೂರಿಸಿದರು. ಡೇರೆಗಳಲ್ಲಿ ಒಬ್ಬೊಬ್ಬರನ್ನೇ ಕರೆದು ಅವರ ದೇಶದವರಿಂದ ಮಾತಾಡಿಸುವುದು. ಹೊರಹೋಗಲು ಎರಡು ಬಾಗಿಲು, ಒಂದು ಊರಿಗೆ, ಇನ್ನೊಂದು ಊರು ಬೇಡ ಎನ್ನುವವರಿಗೆ. ಬಹುಪಾಲು ಜನ ಎರಡನೆಯ ಬಾಗಿಲಿನಲ್ಲೇ ಹೋದರು. ಈ ಕಡೆಯೂ ಬೇಡ, ಆ ಕಡೆಯೂ ಬೇಡ ಎಂದ 88 ಜನರನ್ನು ನಮ್ಮ ಸೈನಿಕರು 1954ರಲ್ಲಿ ಭಾರತಕ್ಕೇ ಕರೆತಂದರು. ಇವರ ತಾಯಂದಿರಿಗೆ ಮಗ ಬದುಕಿದ್ದಾನೆಂಬ ಸುದ್ದಿ ಸಿಕ್ಕಿತೋ, ಮಗ ಬೇಡವೆಂದ ಎಂಬ ಸುದ್ದಿಯೂ ಸಿಕ್ಕಿತೋ... ಬಿಡುಗಡೆ ಎಂದರೆ ಎಲ್ಲರಿಗೂ ಒಂದೇ ಅರ್ಥವಲ್ಲ, ನೋಡಿ. ತಿಮ್ಮಯ್ಯನವರು ಮುಂದೆ ಸೇನಾ ಮುಖ್ಯಸ್ಥರಾದರು. 1965ರ ಡಿಸೆಂಬರಿನಲ್ಲಿ, ನಂದಾ ಕಾರ್ಯಪ್ಪ ಇನ್ನೂ ಸೆರೆಯಲ್ಲಿದ್ದಾಗಲೇ, ವಿಶ್ವಸಂಸ್ಥೆಯ ಕೆಲಸದ ಮೇಲೆ ಸೈಪ್ರಸ್ ದ್ವೀಪದಲ್ಲಿ ತೀರಿಕೊಂಡರು.

ರಜೆಗೆ ಮಕ್ಕಳನ್ನು ಕರೆದುಕೊಂಡು ಮಡಿಕೇರಿಗೆ ಹೋಗುವವರು ಬಹಳ ಮಂದಿ. ರಾಜಾಸೀಟು, ಅಬ್ಬಿ ಜಲಪಾತ ನೋಡಿ, ಕಿತ್ತಳೆ, ಜೇನುತುಪ್ಪ, ಕಾಫಿಪುಡಿ ಕಟ್ಟಿಸಿಕೊಂಡು ಬರುತ್ತೇವೆ. ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ, ಅರ್ಧ ದಿನ ಇಟ್ಟುಕೊಂಡು ಹೋಗಿ. ಊರಿನ ನಡುವೆ ಒಂದು ವೃತ್ತಕ್ಕೆ ದೇವಯ್ಯನವರ ಹೆಸರಿದೆ, ಪ್ರತಿಮೆಯೂ ಇದೆ. ಬಸ್ಸಿನ ಗಡಿಬಿಡಿಯಲ್ಲಿ ಯಾರೂ ನಿಂತು ನೋಡುವುದಿಲ್ಲ. ಮಕ್ಕಳು ಯಾರಮ್ಮ ಇವರು ಅಂತ ಕೇಳಿದರೆ, ಸಿನಿಮಾದಲ್ಲಿ ಬೇರೆ ಹೆಸರಿಟ್ಟಿದ್ದರಲ್ಲ, ಆ ಪೈಲಟ್ ಇವರೇ ಅಂತ ಹೇಳಿ, ಹೆಸರನ್ನು ಪೂರ್ತಿ ಓದಿಸಿ: ಅಜ್ಜಮಾಡ ಬೋಪಯ್ಯ ದೇವಯ್ಯ.